ಕೇಳದೆ ಬಳಿದ ಹಸಿರು

ಯೋಜನಾ ಕಚೇರಿಯಲ್ಲಿ ನಕ್ಷೆ ಬರೆಯುವ ಆ ಹೆಂಗಸಿಗೆ ಜನ ಇಟ್ಟ ಹೆಸರು ಪೆನ್ಸಿಲಮ್ಮ. ಇಟ್ಟವರದೇನೂ ತಪ್ಪಿಲ್ಲ ಬಿಡಿ. ಎರಡು ವರ್ಷದಿಂದ ಅವಳು ಕಿವಿಯ ಹಿಂದೆ ಒಂದು ಹಸಿರು ಪೆನ್ಸಿಲ್ ಸಿಕ್ಕಿಸಿಕೊಂಡು, ಕಂಕುಳಲ್ಲಿ ನಕ್ಷೆಯ ಸುರುಳಿ ಇರುಕಿಕೊಂಡು, ನದಿಗೂ ಕೆರೆಗೂ ನಡುವೆ ನೆಲ ಇದ್ದವರ ಬಾಗಿಲು ತಟ್ಟುತ್ತಾ ತಿರುಗಿದ್ದಳು. ನಾಯಿಗಳಿಂದ ಬೊಗಳಿಸಿಕೊಂಡಿದ್ದಳು, ಹೊಸಿಲಾಚೆಯೇ ನಿಲ್ಲಿಸಿ ಮಾತಾಡಿಸಿದವರ ಮುಂದೆ ನಗುನಗುತ್ತಲೇ ನಿಂತಿದ್ದಳು, ಕೊಟ್ಟ ಚಹಾವನ್ನೆಲ್ಲ ಬೇಡವೆನ್ನಲಾಗದೆ ಕುಡಿದು ಹೊಟ್ಟೆ ಕೆಡಿಸಿಕೊಂಡಿದ್ದಳು.

ಇಷ್ಟೆಲ್ಲ ಯಾರಿಗಾಗಿ ಅಂದರೆ ನೀರುನಾಯಿಗಳಿಗಾಗಿ. ನದಿಯಲ್ಲಿ ಒಂದಷ್ಟು, ಕೆರೆಯಲ್ಲಿ ಒಂದಷ್ಟು ಇದ್ದವು. ಎರಡರ ನಡುವೆ ಯಾರ ಕಣ್ಣಿಗೂ ಬೀಳದೆ ಓಡಾಡಿಕೊಂಡಿದ್ದವು. ಆ ನಡುವಿನ ನೆಲದ ಮೇಲೆ ಈಗ ನಾಲ್ಕು ಸಾಲಿನ ಹೊಸ ರಸ್ತೆ ಬರುವುದಿತ್ತು. ರಸ್ತೆ ಬೇಡ ಅನ್ನುವ ಕಾಲ ಮುಗಿದುಹೋಗಿತ್ತು. ಬಂದಮೇಲೂ ಆ ಬಡಪ್ರಾಣಿಗಳು ಸಾಯದೆ ದಾಟುವಂತಿರಲಿ ಅನ್ನುವುದಷ್ಟೇ ಉಳಿದಿದ್ದ ಆಸೆ. ರಸ್ತೆಯವರು ಎಷ್ಟು ಜೌಗುನೆಲ ಕೆಡಿಸುತ್ತಾರೋ ಅಷ್ಟಕ್ಕೆ ಬದಲಾಗಿ ಬೇರೆ ಕಡೆ ನೆಲೆ ಮಾಡಿಕೊಡಬೇಕು ಎಂಬ ನಿಯಮವೇನೋ ಇತ್ತು. ಹಿಂದೊಮ್ಮೆ ಮಾಡಿಯೂ ಕೊಟ್ಟಿದ್ದರು, ಬಸ್ ಡಿಪೋದ ಹಿಂದೆ ಮುನ್ನೂರು ಸಸಿ ನೆಟ್ಟು! ಅಲ್ಲಿ ಇವತ್ತಿನವರೆಗೆ ಒಂದು ಅಳಿಲೂ ಕಾಲಿಟ್ಟಿಲ್ಲ. ಡ್ರೈವರುಗಳು ಬನಿಯನ್ ಒಣಹಾಕುತ್ತಾರೆ.

ಅಂಥ ಬೆಪ್ಪುತನ ಮತ್ತೆ ಆಗಬಾರದೆಂದರೆ, ರಸ್ತೆ ಬರುವ ಮೊದಲೇ ಇಡೀ ಪ್ರದೇಶಕ್ಕೆ ಒಂದು ಯೋಜನೆ ಬೇಕಿತ್ತು. ಪ್ರಾಣಿ ಎಲ್ಲಿ ಓಡಾಡುತ್ತದೆ, ಯಾರ್ಯಾರ ನೆಲದಲ್ಲಿ ಎಷ್ಟೆಷ್ಟು ಪಟ್ಟಿ ಬಿಟ್ಟುಕೊಟ್ಟರೆ ನದಿಯಿಂದ ಕೆರೆಯವರೆಗೆ ದಾರಿ ತುಂಡಾಗದೆ ಉಳಿಯುತ್ತದೆ ಅನ್ನುವ ಯೋಜನೆ. ಆ ಪಟ್ಟಿಯ ಮೇಲೆ ಹುಲ್ಲು, ಪೊದೆ, ಸಣ್ಣ ಹೊಂಡ ಎಲ್ಲ ರಸ್ತೆಯವರ ಖರ್ಚಿನಲ್ಲಿ. ನೆಲ ಮಾತ್ರ ಮಾಲೀಕರದೇ. ಪಟ್ಟಿಗೆ ರಸ್ತೆ ಅಡ್ಡ ಬರುವ ಕಡೆ ರಸ್ತೆಯ ಕೆಳಗೊಂದು ಮೋರಿ, ಅದರೊಳಗೆ ಪ್ರಾಣಿ ನಡೆದುಹೋಗಲು ನೀರಿಗಿಂತ ಎತ್ತರದ ಒಣ ಕಟ್ಟೆ. ನೀರು ತುಂಬಿದ ಮೋರಿಯೊಳಗೆ ನೀರುನಾಯಿ ಹೋಗುವುದಿಲ್ಲ. ಮೇಲೆ ಹತ್ತಿ ದಾಟಲು ನೋಡಿ ಗಾಲಿಗೆ ಸಿಗುತ್ತದೆ. ಹಳೇ ರಸ್ತೆಯಲ್ಲಿ ಹೋದ ವರ್ಷ ಮೂರು ಹಾಗೇ ಹೋದವು.

ಯೋಜನೆಯಲ್ಲಿ ಬಲವಂತ ಅನ್ನುವುದಿರಲಿಲ್ಲ. ಸೇರುವವರು ತಾವಾಗಿ ಸೇರಬೇಕು. ಅದಕ್ಕೇ ಪೆನ್ಸಿಲಮ್ಮ ತನ್ನದೇ ಒಂದು ಕ್ರಮ ಮಾಡಿಕೊಂಡಿದ್ದಳು. ನಕ್ಷೆಯ ಮೇಲೆ ತೆಳ್ಳನೆಯ ಟ್ರೇಸಿಂಗ್ ಹಾಳೆ ಹಾಸಿ, ಪೆನ್ಸಿಲನ್ನು ಮಾಲೀಕರ ಕೈಗೇ ಕೊಡುತ್ತಿದ್ದಳು. ಎಷ್ಟು ಬಿಟ್ಟುಕೊಡುತ್ತಾರೋ ಅಷ್ಟಕ್ಕೆ ಅವರೇ ತಮ್ಮ ಕೈಯಾರೆ ಹಸಿರು ಬಳಿಯಬೇಕು. ಅವಳು ಮುಟ್ಟುವಂತಿಲ್ಲ. ಬಳಿಯುವ ಮೊದಲು ಎಲ್ಲರಿಗೂ ಅದೇ ಮಾತು: "ಇದರಲ್ಲಿ ಬಲವಂತ ಇಲ್ಲ. ನೀವು ಬೇಡ ಅಂದ್ರೆ ಬೇಡ. ಯಾಕೆ ಅಂತ ಕೇಳಲ್ಲ. ನಾವಾಗಿ ಮತ್ತೆ ಬರೋದೂ ಇಲ್ಲ."

ಹೀಗೆ ನಲವತ್ತು ಕೈಗಳು ಹಸಿರು ಬಳಿದವು. ಸಸಿ ಮಾರುವ ಮುದುಕ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಹಾಳೆ ಹರಿಯುವ ಹಾಗೆ ಗೀಚಿದ. ಹೊಲಿಗೆಯಂಗಡಿಯಾಕೆ ಬಟ್ಟೆಗೆ ಗುರುತು ಹಾಕುವಂತೆ ಚುಕ್ಕೆ ಚುಕ್ಕೆ ಇಟ್ಟಳು. ಮೀನಿನ ಕೊಳಗಳ ಯಜಮಾನನಂತೂ, ನೀರುನಾಯಿ ಅಂದರೆ ಕಳ್ಳನನ್ನು ಕಂಡಂತೆ ಉರಿದುಬೀಳುವ ಮನುಷ್ಯ, ಮೂರು ಸಲ "ಯೋಚನೆ ಮಾಡ್ತೀನಿ, ಇನ್ನೊಂದ್ಸಲ ಬನ್ನಿ" ಅಂದು, ನಾಲ್ಕನೇ ಸಲ ಕಿರುಬೆರಳಗಲದ ಪಟ್ಟಿ ಎಳೆದು, ರಾಜ್ಯವನ್ನೇ ದಾನ ಮಾಡಿದವನ ಹಾಗೆ ನಿಟ್ಟುಸಿರು ಬಿಟ್ಟ.

ಉಳಿದದ್ದು ನಲವತ್ತೊಂದನೆಯದು, ಇಟ್ಟಿಗೆ ಗೂಡಿನ ಜಾಗ. ಸರಿಯಾಗಿ ಮಧ್ಯದಲ್ಲಿತ್ತು, ಅದಿಲ್ಲದಿದ್ದರೆ ಈಚೆಯ ಪಟ್ಟಿಗೂ ಆಚೆಯ ಪಟ್ಟಿಗೂ ಸಂಬಂಧವೇ ಇಲ್ಲ. ಆ ಗೂಡಿನ ಯಜಮಾನನನ್ನು ಸುತ್ತಲಿನವರೆಲ್ಲ ಇಟ್ಟಿಗೆಯಣ್ಣ ಅನ್ನುತ್ತಿದ್ದರು. ಪೆನ್ಸಿಲಮ್ಮನಿಗಂತೂ ಅವನು ನಿಜವಾಗಿಯೂ ಅಣ್ಣ, ಒಡಹುಟ್ಟಿದವನು, ಹತ್ತು ವರ್ಷ ದೊಡ್ಡವನು.

ಅಲ್ಲೇ ಆಕೆ ಎಡವಿದ್ದು. ಒಂದು ಮಧ್ಯಾಹ್ನ ಕಚೇರಿಯಲ್ಲಿ ಊಟ ಮುಗಿಸಿ ಬಂದು, ನಕ್ಷೆಯ ಮಧ್ಯದ ಆ ಬಿಳಿ ಜಾಗ ನೋಡಿ, 'ಇದೊಂದು ನಮ್ಮಣ್ಣಂದು ತಾನೆ' ಅಂದುಕೊಂಡು, ಗೂಡಿನ ದಕ್ಷಿಣಕ್ಕಿದ್ದ ಹಳೇ ಮಣ್ಣಿನ ಗುಂಡಿಯ ಉದ್ದಕ್ಕೂ ಸ್ಕೇಲು ಇಟ್ಟು ಹಸಿರು ಬಳಿದುಬಿಟ್ಟಳು. ಎರಡು ನಿಮಿಷದ ಕೆಲಸ. ಗುಂಡಿಯಲ್ಲಿ ನೀರಿತ್ತು, ಯಾರೂ ಬಳಸುತ್ತಿರಲಿಲ್ಲ, ಅಣ್ಣ ಬೇಡ ಅನ್ನುವವನಲ್ಲ. ನಲವತ್ತು ಜನರ ಹತ್ತಿರ ನೂರು ಸಲ ಹೇಳಿದ ನಿಯಮ ಅವಳಿಗೆ ಆ ಎರಡು ನಿಮಿಷ ನೆನಪೇ ಆಗಲಿಲ್ಲ. ಏನು ಹೇಳೋಣ ಇಂಥವರಿಗೆ!

ಕರಡು ನಕ್ಷೆ ತೋರಿಸುವ ಸಭೆ ನಡೆದದ್ದು ಅಗ್ನಿಶಾಮಕ ಠಾಣೆಯ ಮೇಲಿನ ಹಾಲಿನಲ್ಲಿ. ಊರಲ್ಲಿ ಅಷ್ಟು ಜನ ಹಿಡಿಸುವ ಕೋಣೆ ಬೇರೆ ಇರಲಿಲ್ಲ. ಕೆಳಗಿನಿಂದ ಒದ್ದೆ ರಬ್ಬರ್ ಪೈಪುಗಳ ವಾಸನೆ ಬರುತ್ತಿತ್ತು. ಗೋಡೆಗೆ ನಕ್ಷೆ ತೂಗುಹಾಕಿದ್ದರು. ಜನ ತಮ್ಮ ತಮ್ಮ ಕೈಬರಹ ಹುಡುಕಿಕೊಂಡು ಮಕ್ಕಳ ಹಾಗೆ ಖುಷಿಪಡುತ್ತಿದ್ದರು.

"ನೋಡಿ, ಇದು ನಂದು," ಅಂದ ಮೀನಿನ ಕೊಳದವನು ಪಕ್ಕದಲ್ಲಿದ್ದ ಇಟ್ಟಿಗೆಯಣ್ಣನಿಗೆ. "ನಾಲ್ಕು ಸಲ ಅಲೆಸಿದೀನಿ ನಿಮ್ಮ ತಂಗೀನ. ಸುಮ್ಮನೆ ಕೊಡೋಕಾಗತ್ತಾ? ನಿಮ್ಮ ಹತ್ರ ಎಷ್ಟು ಸಲ ಬಂದ್ರು?"

ಇಟ್ಟಿಗೆಯಣ್ಣ ಮೂವತ್ತು ವರ್ಷದಿಂದ ಇಟ್ಟಿಗೆಯ ಮೈ ನೋಡಿ ಬೆಂದಿದೆಯೋ ಇಲ್ಲವೋ ಹೇಳುವವನು. ನಕ್ಷೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. ಆಮೇಲೆ ತಿರುಗಿದ.

"ಪುಟ್ಟಿ, ಇದು ಯಾರ ಕೈ?"

ಪೆನ್ಸಿಲಮ್ಮ ಜನರ ನಡುವಿನಿಂದ ಹತ್ತಿರ ಬಂದಳು.

"ಎಲ್ಲರ ಕೈಯೂ ನಡುಗಿದೆ," ಅಂದ ಅಣ್ಣ, ಮೆಲ್ಲಗೆ. "ನಂದು ಮಾತ್ರ ಗಾರೆ ಬಳಿದ ಹಾಗೆ ನುಣ್ಣಗಿದೆ. ನನ್ನ ಕೈ ಇಷ್ಟು ನುಣ್ಣಗಿಲ್ಲವಲ್ಲ."

"ಅಣ್ಣಾ, ಅದು... ಆ ಹಾಳು ಗುಂಡಿ ತಾನೆ. ನೀನು ಏನಂತೀಯ ಅಂತ ನಂಗೊತ್ತಿಲ್ವಾ?"

"ಏನಂತೀನಿ?"

ಹಾಲಿನಲ್ಲಿದ್ದವರೆಲ್ಲ ತಮ್ಮ ಮಾತು ನಿಲ್ಲಿಸಿ ಇತ್ತ ನೋಡುತ್ತಿದ್ದರು. ಇಟ್ಟಿಗೆಯಣ್ಣ ಕೂಗಾಡಲಿಲ್ಲ, ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಕುರ್ಚಿಯ ಮೇಲಿಟ್ಟಿದ್ದ ಟೋಪಿ ತೆಗೆದುಕೊಂಡು, ದಾರಿಯಲ್ಲಿದ್ದವರಿಗೆ "ಸ್ವಲ್ಪ ಜಾಗ ಬಿಡಿ" ಅಂದು, ಮೆಟ್ಟಿಲಿಳಿದು ಹೋದ.

ಸಭೆ ಮುಗಿದ ಮೇಲೆ ರಸ್ತೆ ಎಂಜಿನಿಯರ್ ಅವಳ ಹತ್ತಿರ ಬಂದ. ಒಳ್ಳೆಯ ಮನುಷ್ಯ, ಆದರೆ ಗಡಿಯಾರ ನುಂಗಿದವನ ಹಾಗೆ ಸದಾ ದಿನ ಎಣಿಸುತ್ತಿದ್ದ. "ಇಪ್ಪತ್ತು ದಿನ ಇದೆ ಮೇಡಂ. ಅಷ್ಟರಲ್ಲಿ ಪಟ್ಟಿ ಎಲ್ಲೂ ತುಂಡಾಗದೆ ಬರಬೇಕು. ಇಲ್ಲಾಂದ್ರೆ ಮೇಲಿನವರು ಯೋಜನೇನ ವಾಪಸ್ ಕಳಿಸ್ತಾರೆ. ನಾನು ಮೋರೀನ ಎಲ್ಲಿ ಇಡ್ಲಿ ಹೇಳಿ? ಆಕಾಶದಲ್ಲಾ?"

"ಗೊತ್ತು."

"ವಾಪಸ್ ಬಂತು ಅಂದ್ರೆ ಮತ್ತೆ ಬಸ್ ಡಿಪೋನೇ ಗತಿ. ನಿಮ್ಮ ಅಣ್ಣ ತಾನೆ, ಮನೇಲಿ ಕೂತು ಸರಿ ಮಾಡ್ಕೊಳ್ಳಿ."

ಪೆನ್ಸಿಲಮ್ಮನಿಗೆ ಅವನ ಮೇಲೆ ರೇಗಿಹೋಯಿತು. ಆಮೇಲೆ, ಖಾಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಾ ಇರುವಾಗ, ಯಾಕೆ ರೇಗಿತು ಅನ್ನುವುದೂ ತಿಳಿಯಿತು. 'ನಿಮ್ಮ ಅಣ್ಣ ತಾನೆ' ಅನ್ನುವುದೇ ಅವಳೂ ಅಂದುಕೊಂಡ ಮಾತು.

ಅವರ ಮನೆಯಲ್ಲಿ ಅಣ್ಣನನ್ನು ಯಾರೂ ಯಾವತ್ತೂ ಏನೂ ಕೇಳಿದ್ದಿಲ್ಲ. ಅಪ್ಪನ ಸೊಂಟ ಬಿದ್ದಾಗ ಗೂಡಿನ ಬೀಗದ ಕೈಗೊಂಚಲನ್ನು ಅವನ ಮುಂದಿಟ್ಟರು. ನಿನಗಿದು ಇಷ್ಟವಾ ಅಂತ ಒಬ್ಬರೂ ಅನ್ನಲಿಲ್ಲ. ಅವಳ ಓದಿಗೆ ಕಿಟಕಿಯಿದ್ದ ಕೋಣೆ ಬೇಕಾಯಿತು. ಅವನ ಹಾಸಿಗೆ ಸಾಮಾನು ಕೋಣೆಗೆ ಹೋಯಿತು. ಊಟಕ್ಕೆ ಬೇಯಿಸಿದ ಮೊಟ್ಟೆ ಇದ್ದ ದಿನ ಅವಳು ಕೈ ಚಾಚಿ ಅಣ್ಣನ ತಟ್ಟೆಯಿಂದ ಹಳದಿ ಎತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ನಾಲ್ಕು ವರ್ಷದವಳಿದ್ದಾಗ ಶುರುವಾದದ್ದು. ಈಗ ಅವಳಿಗೆ ನಲವತ್ತನಾಲ್ಕು, ಹೋದ ತಿಂಗಳೂ ಎತ್ತಿದ್ದಳು. ಅವನು ಬಿಳಿಯದನ್ನು ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದ. ಅವನಿಗೆ ಬಿಳಿಯದೇ ಇಷ್ಟ ಅಂತ ಮನೆಯವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದರು.

ಮೂರು ದಿನ ಫೋನ್ ಮಾಡಿದಳು, ಅಣ್ಣ ಎತ್ತಲಿಲ್ಲ. ನಾಲ್ಕನೇ ದಿನ ಅತ್ತಿಗೆ ಎತ್ತಿದಳು.

"ನಿಮ್ಮಣ್ಣ ಬಾಯಿಗೆ ಬೀಗ ಹಾಕ್ಕೊಂಡಿದಾರೆ ಕಣೇ. ಗೂಡಿಗೆ ಹೋಗ್ತಾರೆ, ಬರ್ತಾರೆ, ಮಲಗ್ತಾರೆ. ನಂಗೇ ಹೆದರಿಕೆ ಆಗ್ತಿದೆ. ಈ ಮನುಷ್ಯಂಗೆ ಕೋಪ ಬರತ್ತೆ ಅನ್ನೋದೇ ಗೊತ್ತಿರಲಿಲ್ಲ ನೋಡು."

"ನಾನು ಸಂಜೆ ಬರ್ತೀನಿ ಅತ್ತಿಗೆ. ಕಾಲಿಗೆ ಬೀಳ್ತೀನಿ ಬೇಕಾದ್ರೆ."

"ಬೇಡವಂತೆ." ಅತ್ತಿಗೆ ದನಿ ಇಳಿಸಿದಳು. "ತಂಗಿಯಾಗಿ ಬರೋದಾದ್ರೆ ಸದ್ಯಕ್ಕೆ ಬೇಡವಂತೆ. ಕಚೇರಿಯವರಾಗಿ ಬರೋದಾದ್ರೆ ಗುರುವಾರ ಹನ್ನೊಂದು ಗಂಟೆಗೆ ಗೂಡಿನ ಆಫೀಸಿಗೆ ಬರಬಹುದಂತೆ."

ಗುರುವಾರ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಪೆನ್ಸಿಲಮ್ಮ ಗೂಡಿನ ಗೇಟಿನಲ್ಲಿದ್ದಳು. ಒಣಗಿಸುವ ಕಣಗಳಲ್ಲಿ ಹಸಿ ಇಟ್ಟಿಗೆಗಳು ಸಾಲುಸಾಲಾಗಿ ಮಲಗಿದ್ದವು. ಅಚ್ಚು ಒತ್ತುವವರು ಬಗ್ಗಿ ಕೆಲಸ ಮಾಡುತ್ತಿದ್ದರು, ಚಿಮಣಿಯಿಂದ ತೆಳ್ಳಗೆ ಹೊಗೆ ಏಳುತ್ತಿತ್ತು. ಹುಟ್ಟಿ ಬೆಳೆದ ಜಾಗಕ್ಕೆ ಅಪರಿಚಿತಳ ಹಾಗೆ ಬರುವುದು ಎಷ್ಟು ಕಷ್ಟ ಅನ್ನುವುದು ಅವಳಿಗೆ ಗೇಟಿನಿಂದ ಆಫೀಸಿನವರೆಗಿನ ನೂರು ಹೆಜ್ಜೆಯಲ್ಲಿ ಗೊತ್ತಾಯಿತು.

ಆಫೀಸು ಅಂದರೆ ತಗಡಿನ ಮಾಡಿನ ಒಂದೇ ಕೋಣೆ. ಒಂದು ಮೇಜು, ಅಣ್ಣನ ಕುರ್ಚಿ, ಬಂದವರಿಗೆ ಕೂರಲು ಇಟ್ಟಿಗೆ ಜೋಡಿಸಿ ಮಾಡಿದ ಗಿಡ್ಡ ಬೆಂಚು, ಅದರ ಮೇಲೆ ಹಾಸಿದ ಗೋಣಿಚೀಲ.

"ಬನ್ನಿ ಮೇಡಂ," ಅಂದ ಅಣ್ಣ. "ಕೂತ್ಕೊಳ್ಳಿ."

ಅವಳು ಬೆಂಚಿನ ಮೇಲೆ ಕೂತು, ಅಭ್ಯಾಸಬಲದಿಂದ ಕಾಲು ಮೇಲೆ ಮಡಚಿಕೊಳ್ಳಲು ಹೋದಳು. ಚಹಾ ತಂದಿದ್ದ ಅತ್ತಿಗೆ ಕಣ್ಣು ಸನ್ನೆ ಮಾಡಿದಳು. "ಅದರ ಮೇಲೆ ಕಾಲಿಡಬೇಡ ಕಣೇ. ಅವರಿಗಾಗಲ್ಲ."

"ಹೇಳಿ," ಅಂದ ಅಣ್ಣ. "ಎಲ್ಲರ ಹತ್ರ ಏನು ಹೇಳ್ತೀರೋ ಅದನ್ನೇ ಹೇಳಿ. ಒಂದು ಮಾತೂ ಬಿಡಬೇಡಿ."

ಅವಳು ನಕ್ಷೆ ಬಿಚ್ಚಿದಳು. ಎರಡು ವರ್ಷದಿಂದ ಹೇಳಿ ಹೇಳಿ ಸವೆದ ಮಾತು, ಆದರೂ ನಾಲಿಗೆ ತಡವರಿಸಿತು. "ನಮಸ್ಕಾರ. ನಾನು ಯೋಜನಾ ಕಚೇರಿಯಿಂದ ಬಂದಿದೀನಿ. ನದಿಯಿಂದ ಕೆರೆಗೆ..." ಎಲ್ಲವನ್ನೂ ಹೇಳಿದಳು: ನೀರುನಾಯಿಯ ದಾರಿ, ಹೊಸ ರಸ್ತೆ, ಮೋರಿಯೊಳಗಿನ ಒಣ ಕಟ್ಟೆ, ಬಸ್ ಡಿಪೋದ ಸಸಿಗಳು. ಬೇರೆ ಕಡೆ ಜನ ನಗುತ್ತಿದ್ದ ಜಾಗದಲ್ಲಿ ಇವನು ನಗಲಿಲ್ಲ.

"ನೆಲ ಯಾರದಾಗಿರತ್ತೆ?"

"ನಿಮ್ಮದೇ."

"ನಾನು ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ. ಯಾಕೆ ಅಂತ ಕೇಳಲ್ಲ." ಅವಳು ನಕ್ಷೆಯ ಅಂಚು ಸರಿಪಡಿಸಿದಳು. "ನಾವಾಗಿ ಮತ್ತೆ ಬರೋದೂ ಇಲ್ಲ."

"ಇದನ್ನ ಎಷ್ಟು ಜನಕ್ಕೆ ಹೇಳಿದೀರಿ ಮೇಡಂ?"

"ನಲವತ್ತು."

"ಈಗ ನಲವತ್ತೊಂದಾಯ್ತು." ಅವನು ಕಿಟಕಿಯಾಚೆ ನೋಡಿದ. ಇಷ್ಟು ಹೊತ್ತು ಹಿಡಿದಿಟ್ಟುಕೊಂಡಿದ್ದ ಬಿಗುವು ಸ್ವಲ್ಪ ಸಡಿಲಿತು, 'ಮೇಡಂ' ಬಿಟ್ಟುಹೋಯಿತು. "ಅವತ್ತು ಎಲ್ಲರ ಮುಂದೆ ಕೇಳಿದ್ಯಲ್ಲ, ನೀನು ಏನಂತೀಯ ಅಂತ ನಂಗೊತ್ತಿಲ್ವಾ ಅಂತ. ನಿಂಗೆ ಹೇಗೆ ಗೊತ್ತು ಪುಟ್ಟಿ? ಹೂಂ ಅಂತಿದ್ನೋ ಉಹೂಂ ಅಂತಿದ್ನೋ ನಂಗೇ ಗೊತ್ತಿಲ್ಲ. ಯಾರಾದ್ರೂ ಕೇಳಿದ್ರಲ್ವಾ ಯೋಚನೆ ಮಾಡೋದು."

"ತಪ್ಪಾಯ್ತು ಅಣ್ಣ."

"ಈಗ ಕೇಳಿದೀಯ. ಯೋಚನೆ ಮಾಡಿದೆ. ಬೇಡ."

ಅತ್ತಿಗೆ ಬಾಗಿಲಲ್ಲಿ "ಅಯ್ಯೋ, ಏನ್ರೀ ಇದು" ಅಂದಳು. ಎರಡು ವರ್ಷದ ದುಡಿಮೆ ಆ ಒಂದು ಮಾತಿನಲ್ಲಿ ಕುಸಿಯುತ್ತಿರುವುದು ಪೆನ್ಸಿಲಮ್ಮನಿಗೆ ಕಾಣುತ್ತಿತ್ತು. ಹಟ ಮಾಡಬಹುದಿತ್ತು, ಅಳಬಹುದಿತ್ತು. ಚಿಕ್ಕಂದಿನಿಂದ ಅವಳು ಅತ್ತಾಗಲೆಲ್ಲ ಅಣ್ಣ ಸೋತಿದ್ದಾನೆ. ಅಳು ಬಂದೂ ಬಿಟ್ಟಿತ್ತು. ಅದನ್ನು ಹಲ್ಲು ಕಚ್ಚಿ ನುಂಗಿ, ಚೀಲದಿಂದ ರಬ್ಬರ್ ತೆಗೆದು, ಅವನ ಮೇಜಿನ ಮೇಲೇ ಹಾಳೆ ಹಾಸಿ, ತಾನು ಬಳಿದ ಹಸಿರನ್ನು ತಾನೇ ಉಜ್ಜತೊಡಗಿದಳು. ಬಹಳ ಹೊತ್ತು ಹಿಡಿಯಿತು. ಬಳಿದದ್ದು ಎರಡೇ ನಿಮಿಷದಲ್ಲಿ, ಅಳಿಸುವುದಕ್ಕೆ ಕಾಲು ಗಂಟೆ. ಉದುರಿದ ಪುಡಿಯನ್ನು ಅಂಗೈಯಲ್ಲಿ ಬಳಿದುಕೊಂಡು, ತಣ್ಣಗಾದ ಚಹಾ ಕುಡಿದು, "ಬರ್ತೀನಿ" ಅಂದು ಎದ್ದಳು.

ಆಮೇಲಿನ ದಿನಗಳಲ್ಲಿ ಎಂಜಿನಿಯರ್ ಎರಡು ಸಲ ಕಚೇರಿಗೆ ಬಂದು ಹೋದ. "ಇನ್ನೊಂದ್ಸಲ ಹೋಗಿ ಕೇಳಿ ಮೇಡಂ," ಅಂದ. "ಆಗಲ್ಲ, ಮತ್ತೆ ಬರಲ್ಲ ಅಂತ ಹೇಳಿದೀನಿ," ಅಂದಳು. "ಅಣ್ಣಂಗೂ ಅದೇ ನಿಯಮಾನಾ?" ಅಂದ. "ಅಣ್ಣಂಗೇ ಮೊದಲು ಇರಬೇಕಿತ್ತು," ಅಂದಳು. ಅವನು ತಲೆ ಕೆರೆದುಕೊಂಡು ಹೋದ.

ಇಪ್ಪತ್ತನೇ ದಿನ ಮತ್ತೆ ಅದೇ ಹಾಲು, ಅದೇ ರಬ್ಬರ್ ಪೈಪಿನ ವಾಸನೆ. ಇಟ್ಟಿಗೆಯಣ್ಣನೂ ಬಂದಿದ್ದ, ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕೂತಿದ್ದ. ಗೋಡೆಯ ಮೇಲಿನ ನಕ್ಷೆಯಲ್ಲಿ ನದಿಯ ಕಡೆಯಿಂದ ಹಸಿರು ಬರುತ್ತಿತ್ತು, ಕೆರೆಯ ಕಡೆಯಿಂದ ಹಸಿರು ಬರುತ್ತಿತ್ತು, ನಡುವೆ ಉಜ್ಜಿ ಉಜ್ಜಿ ಮಾಸಲಾದ ಒಂದು ಬಿಳಿ ಜಾಗ.

ಪೆನ್ಸಿಲಮ್ಮ ಎದ್ದು ನಿಂತಳು. "ಇಲ್ಲಿ ಖಾಲಿ ಇದೆ. ಇದರ ಮಾಲೀಕರು ಬೇಡ ಅಂದಿದಾರೆ. ಅವರನ್ನ ಕೇಳದೆ ಮೊದಲೇ ಬಣ್ಣ ಬಳಿದದ್ದು ನಾನು. ಅದು ನನ್ನ ತಪ್ಪು, ಅವರದಲ್ಲ. ಈಗ ಯೋಜನೆ ಹೀಗೇ ಇದೆ. ವಾಪಸ್ ಬಂದ್ರೆ ಬರಲಿ."

ಗುಜುಗುಜು ಎದ್ದಿತು. ಮೀನಿನ ಕೊಳದವನು ಕುರ್ಚಿ ಸರಿಸಿ ಎದ್ದ. "ಇದೇನು ನ್ಯಾಯ? ನಲವತ್ತು ಜನ ಕೊಟ್ಟಿದೀವಿ. ಒಬ್ಬರಿಂದ ಎಲ್ಲಾ ಹಾಳಾಗ್ಬೇಕಾ? ಕೆಲಸಕ್ಕೆ ಬಾರದ ಗುಂಡಿ ತಾನೆ, ಕೊಟ್ಟುಬಿಡಿ ಇಟ್ಟಿಗೆಯಣ್ಣ. ನಿಮ್ಮ ತಂಗಿ ಮಾನ ಉಳೀತದೆ."

"ಕೂತ್ಕೊಳ್ಳಿ," ಅಂದಳು ಪೆನ್ಸಿಲಮ್ಮ.

"ಅಲ್ಲಾ, ನಿಮ್ಮ ಪರವಾಗೇ ಹೇಳ್ತಿರೋದು..."

"ನನ್ನ ಪರವಾಗಿ ಯಾರೂ ಹೇಳೋದು ಬೇಡ. ನೀವು ಮೂರು ಸಲ ಯೋಚನೆ ಮಾಡ್ತೀನಿ ಅಂದ್ರಲ್ಲ, ಆಗ ನಿಮ್ಮನ್ನ ನಾಲ್ಕು ಜನರ ಮುಂದೆ ನಿಲ್ಲಿಸಿ ಹೀಗೆ ಕೇಳಿದ್ನಾ? ಬೇಡ ಅಂದವರನ್ನ ಈ ಹಾಲಿನಲ್ಲಿ ಯಾರೂ ಒತ್ತಾಯ ಮಾಡಂಗಿಲ್ಲ. ಮಾಡಿದ್ರೆ ಬಾಕಿ ನಲವತ್ತು ಗೆರೆಗಳಿಗೂ ಬೆಲೆ ಇಲ್ಲ." ಅವಳು ನಕ್ಷೆಯ ಬಿಳಿ ಜಾಗದ ಮೇಲೆ ಬೆರಳಿಟ್ಟಳು. "ಅವರು ಬೇಡ ಅಂದಿದಾರೆ. ಮುಗೀತು."

ಕೊನೆಯ ಸಾಲಿನಲ್ಲಿ ಕುರ್ಚಿಯ ಸದ್ದಾಯಿತು. ಎಲ್ಲರೂ ತಿರುಗುವಷ್ಟರಲ್ಲಿ ಇಟ್ಟಿಗೆಯಣ್ಣ ಎದ್ದು ಮೆಟ್ಟಿಲಿಳಿಯುತ್ತಿದ್ದ. ಹೋದ ಸಲದ ಹಾಗೇ ಹೋಗಿಬಿಟ್ಟ, ಅಂದುಕೊಂಡಳು ಅವಳು. ಕೂತರೆ ಅಳು ಬರುತ್ತದೆಂದು ನಿಂತೇ ಇದ್ದಳು.

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಭಾರದ ಹೆಜ್ಜೆ ಕೇಳಿಸಿತು. ಅಣ್ಣ ಹೆಗಲ ಮೇಲೊಂದು ಗೋಣಿಚೀಲ ಹೊತ್ತು, ಏದುಸಿರು ಬಿಡುತ್ತಾ ಬಂದು, ಎಂಜಿನಿಯರನ ಕಾಗದಗಳನ್ನು ಪಕ್ಕಕ್ಕೆ ಸರಿಸಿ ಅದನ್ನು ಮೇಜಿನ ಮೇಲೆ ಇಳಿಸಿದ. ಒಳಗಿನಿಂದ ಏಳು ಇಟ್ಟಿಗೆ ತೆಗೆದು ಸಾಲಾಗಿ ಇಟ್ಟ. "ಗಾಡೀಲೇ ಇತ್ತು. ತರೋದೋ ಬೇಡ್ವೋ ಅಂತ ಇನ್ನೂ ತೀರ್ಮಾನ ಆಗಿರಲಿಲ್ಲ," ಅಂದ, ಯಾರಿಗೂ ಅಲ್ಲದ ಹಾಗೆ.

ಪೆನ್ಸಿಲಮ್ಮ ಬಗ್ಗಿ ನೋಡಿದಳು. ಪ್ರತಿ ಇಟ್ಟಿಗೆಯ ಮೇಲೂ ಒಂದೊಂದು ಹೆಜ್ಜೆ, ಹಸಿಯಿದ್ದಾಗ ಬಿದ್ದು ಬೆಂಕಿಯಲ್ಲಿ ಬೆಂದು ಕಲ್ಲಾದದ್ದು. ಐದು ಬೆರಳು. ಬೆರಳುಗಳ ನಡುವೆ ಜಾಲರಿಯ ತೆಳು ಗುರುತು. ಎರಡು ವರ್ಷದಿಂದ ನದಿಯ ದಡದಲ್ಲಿ, ಕೆರೆಯ ಏರಿಯ ಮೇಲೆ ಕ್ಯಾಮೆರಾ ಕಟ್ಟಿ, ಕೆಸರಿನಲ್ಲಿ ಮಂಡಿಯೂರಿ ಅವಳು ಹುಡುಕಿದ ಹೆಜ್ಜೆ. ಇಷ್ಟು ಚೆನ್ನಾಗಿ ಮೂಡಿದ್ದು ಒಂದೂ ಸಿಕ್ಕಿರಲಿಲ್ಲ.

"ಬೆಳಿಗ್ಗೆ ಬಂದು ನೋಡಿದ್ರೆ ಹಸಿ ಇಟ್ಟಿಗೆ ಮೇಲೆ ಹೆಜ್ಜೆ ಬಿದ್ದಿರತ್ತೆ," ಅಂದ ಅಣ್ಣ. "ಮೊದಲು ನಾಯಿ ಅಂದ್ಕೊಂಡಿದ್ದೆ. ನಾಯಿಗೆ ನಾಲ್ಕು ಬೆರಳು, ಇದಕ್ಕೆ ಐದು. ಮಾರೋಕೆ ಬರಲ್ಲ ಇಂಥವು, ಎಸೆಯೋಕೂ ಮನಸ್ಸಾಗ್ಲಿಲ್ಲ. ಇಪ್ಪತ್ತು ವರ್ಷದ್ದು ಕೂಡಿಟ್ಟು ಆಫೀಸಲ್ಲಿ ಬೆಂಚು ಮಾಡಿದೀನಿ."

ತಾನು ಅದರ ಮೇಲೇ ಕೂತು ನೀರುನಾಯಿಯ ದಾರಿ ವಿವರಿಸಿದ್ದು ಅವಳಿಗೆ ನೆನಪಾಯಿತು. ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಇಲ್ಲಿ ನೋಡಿ, ಅಂಕಿ ಇದೆ." ಅಣ್ಣ ಎಂಜಿನಿಯರನಿಗೆ ತೋರಿಸಿದ. "ನಂದು ಐದು ಕಣ. ಯಾವ ಕಣದ ಇಟ್ಟಿಗೆ ಬಿರುಕು ಬಿಡತ್ತೆ ಅಂತ ತಿಳೀಲಿ ಅಂತ ಅಚ್ಚಿನಲ್ಲೇ ಕಣದ ಅಂಕಿ ಕೆತ್ತಿಸಿದೀನಿ. ಏಳರ ಮೇಲೂ ಒಂದೇ ಅಂಕಿ. ಬೆಂಚಲ್ಲಿರೋ ಬಾಕೀದರ ಮೇಲೂ ಅದೇ. ನಾಲ್ಕು."

ಪೆನ್ಸಿಲಮ್ಮ ನಕ್ಷೆಯತ್ತ ತಿರುಗಿದಳು. ನಾಲ್ಕನೇ ಕಣ ಉತ್ತರದ ತುದಿಯಲ್ಲಿ, ಸಣ್ಣ ಕಾಲುವೆಯೊಂದರ ಪಕ್ಕದಲ್ಲಿತ್ತು. ಅವಳು ಹಸಿರು ಬಳಿದಿದ್ದ ಗುಂಡಿ ದಕ್ಷಿಣದ ತುದಿಯಲ್ಲಿ.

"ಗುಂಡೀಲಿ ನೀರಿದೆಯಲ್ಲ ಅಣ್ಣ," ಅಂದಳು, ಕೇಳಿಸಿಯೂ ಕೇಳಿಸದ ಹಾಗೆ.

"ನೀರಿದೆ, ಮೀನಿಲ್ಲ. ಗೂಡಿನ ಬೂದಿಯೆಲ್ಲ ಅದಕ್ಕೇ ಸುರಿದಿದೀವಿ. ದಡ ಗೋಡೆ ಹಾಗೆ ನೆಟ್ಟಗಿದೆ, ಇಳಿದ್ರೆ ಹತ್ತೋಕಾಗಲ್ಲ. ಅವೇನು ದಡ್ಡ ಪ್ರಾಣಿಗಳಾ?"

ಎಂಜಿನಿಯರ್ ತನ್ನ ಕಾಗದ ಬಿಚ್ಚಿ ಬೆರಳಿನಿಂದ ಅಳೆದ. "ನಾನೂರು ಅಡಿ," ಅಂದ, ಮುಖ ಬಿಳಿಚಿಕೊಂಡು. "ಮೋರೀನ ನಾನೂರು ಅಡಿ ಆಚೆ ಕಟ್ಟಿಬಿಡ್ತಿದ್ವಿ ಮೇಡಂ."

ಅದು ಪೆನ್ಸಿಲಮ್ಮನಿಗೆ ಆಗಲೇ ಹೊಳೆದಿತ್ತು. ಅಣ್ಣ ಎಂದಿನಂತೆ 'ಹೋಗ್ಲಿ ಬಿಡು' ಅಂದಿದ್ದರೆ ಯೋಜನೆ ಎಲ್ಲೂ ತುಂಡಾಗದೆ ಮೇಲೆ ಹೋಗುತ್ತಿತ್ತು, ಜನ ಚಪ್ಪಾಳೆ ತಟ್ಟುತ್ತಿದ್ದರು, ಮೋರಿ ಕಟ್ಟುತ್ತಿದ್ದರು, ನೀರುನಾಯಿಗಳು ನಾನೂರು ಅಡಿ ಈಚೆ ಗಾಲಿಗೆ ಸಿಕ್ಕು ಸಾಯುತ್ತಿದ್ದವು. ಇನ್ನೊಂದು ಬಸ್ ಡಿಪೋ, ಅಷ್ಟೇ.

"ಇದನ್ನ ಮೊದಲೇ ಯಾಕೆ ಹೇಳಲಿಲ್ಲ ಅಣ್ಣ?"

ಅಣ್ಣ ಒಂದು ಇಟ್ಟಿಗೆಯ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ. "ಪುಟ್ಟಿ ನಕ್ಷೆ ಹಿಡ್ಕೊಂಡು ಎಲ್ಲರ ಮನೆಗೂ ಹೋಗ್ತಿದಾಳೆ ಅಂತ ಕೇಳ್ದೆ. ನಮ್ಮನೆಗೂ ಬರ್ತಾಳೆ, ಎಲ್ಲರನ್ನ ಕೇಳೋ ಹಾಗೆ ನನ್ನೂ ಕೇಳ್ತಾಳೆ, ಆಗ ಗೋಣಿ ತೆಗೆದು ತೋರಿಸೋಣ, ಬೆಚ್ಚಿಬೀಳ್ಲಿ ಅಂತ ಇಟ್ಟಿದ್ದೆ. ಎರಡು ವರ್ಷ ಕಾದೆ."

ಪೆನ್ಸಿಲಮ್ಮ ಅಷ್ಟು ಜನರ ಮುಂದೆ, ಕಚೇರಿಯವಳು ಅನ್ನುವುದನ್ನೂ ಮರೆತು, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತುಬಿಟ್ಟಳು. ಈ ಸಲ ಅಣ್ಣ ಸಮಾಧಾನ ಮಾಡಲು ಬರಲಿಲ್ಲ. ಅಳಲಿ ಎಂದು ಬಿಟ್ಟ.

ಆಮೇಲೆ ಅವಳು ಮುಖ ಒರೆಸಿಕೊಂಡು, ಕಿವಿಯ ಹಿಂದಿನ ಪೆನ್ಸಿಲ್ ತೆಗೆದು, ಕೊಡಲು ಹೋಗಿ, ಕೈ ಹಿಂದಕ್ಕೆಳೆದುಕೊಂಡಳು. "ನಾನಾಗಿ ಮತ್ತೆ ಕೇಳಂಗಿಲ್ಲ."

"ನಾನೇ ಕೇಳ್ತಿದೀನಿ. ಕೊಡು."

ನಾಲ್ಕನೇ ಕಣಕ್ಕೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲು, ಐದರಲ್ಲಿ ಅದೇ ಒಳ್ಳೆಯದು ಅನ್ನುವುದು ಅವಳಿಗೂ ಗೊತ್ತಿತ್ತು. ಅಣ್ಣ ಪೆನ್ಸಿಲ್ ಹಿಡಿದು ಬಹಳ ಹೊತ್ತು ನಿಂತ. ಯಾರೂ ಅವಸರ ಮಾಡಲಿಲ್ಲ, ದಿನ ಎಣಿಸುವ ಎಂಜಿನಿಯರ್ ಕೂಡ. ಕೊನೆಗೆ ಕಣದ ಅರ್ಧ ತನಗೆ ಉಳಿಸಿಕೊಂಡು, ಕಾಲುವೆಯ ಪಕ್ಕದ ಅರ್ಧಕ್ಕೆ ಹಸಿರು ಬಳಿದ. ಗೆರೆ ಎರಡು ಕಡೆ ಹೊರಗೆ ಹೋಯಿತು, ಒಂದು ಕಡೆ ಪೆನ್ಸಿಲಿನ ಮೊನೆ ಮುರಿಯಿತು.

"ಗುಂಡಿ ಮುಚ್ಚಿ ಅಲ್ಲೊಂದು ಕಣ ಮಾಡ್ಕೋತೀನಿ," ಅಂದ.

"ಒಂದ್ನಿಮಿಷ!" ಮೀನಿನ ಕೊಳದವನು ನಕ್ಷೆಗೆ ಮೂಗು ತಾಗಿಸಿದ್ದ. "ಇದು ಉತ್ತರಕ್ಕೆ ಹೋದ್ರೆ ನನ್ನ ಪಟ್ಟಿನೂ ಸರೀಬೇಕಲ್ಲ?"

"ಸರೀಬೇಕಾಗತ್ತೆ," ಅಂದಳು ಪೆನ್ಸಿಲಮ್ಮ, ಇನ್ನೂ ಮೂಗು ಎಳೆಯುತ್ತಲೇ. "ನಾಳೆ ನಿಮ್ಮನೆಗೆ ಬರ್ತೀನಿ. ಕೇಳೋಕೆ."

"ಯೋಚನೆ ಮಾಡ್ತೀನಿ," ಅಂದ ಅವನು. ಹಾಲಿನಲ್ಲಿದ್ದವರೆಲ್ಲ ನಕ್ಕರು. ಎಂಜಿನಿಯರ್ ಹಣೆ ಚಚ್ಚಿಕೊಂಡು, ಮೇಲಿನವರಿಂದ ಇನ್ನು ಹತ್ತು ದಿನ ಕೇಳಿ ತರುತ್ತೇನೆಂದು ಫೋನ್ ಹಿಡಿದು ಹೊರಗೆ ಹೋದ. ಹತ್ತು ದಿನ ಸಿಕ್ಕಿತು. ಮೀನಿನ ಕೊಳದವನು ಎರಡೇ ಸಲ ಅಲೆಸಿದ.

ಯೋಜನೆ ಮೇಲೆ ಹೋದ ಮೇಲಿನ ಭಾನುವಾರ ಅತ್ತಿಗೆ ಊಟಕ್ಕೆ ಕರೆದಳು. ತಂಗಿಯಾಗಿಯೇ ಬರಬಹುದಂತೆ ಅಂದಳು. ಮೂವರೂ ಅಡುಗೆಮನೆಯ ಮೇಜಿನ ಸುತ್ತ ಕೂತರು. ಬೇಯಿಸಿದ ಮೊಟ್ಟೆಯಿತ್ತು. ಅಣ್ಣ ಎಂದಿನಂತೆ ಸಿಪ್ಪೆ ಸುಲಿದು, ಮೊಟ್ಟೆಯನ್ನು ಎರಡು ಹೋಳು ಮಾಡಿ, ಹಳದಿಯನ್ನು ತಟ್ಟೆಯ ಅಂಚಿಗೆ ಸರಿಸಿದ. ಎಂದಿನಂತೆ ಅವಳ ಕೈಯೂ ಹೋಯಿತು.

ಅರ್ಧ ದಾರಿಯಲ್ಲಿ ನಿಂತಿತು.

"ಅಣ್ಣಾ, ಹಳದಿ ತಗೊಳ್ಳಾ?"

ಅಣ್ಣ ತಲೆಯೆತ್ತಿ ಅವಳನ್ನು ನೋಡಿದ. ತಟ್ಟೆ ನೋಡಿದ. ಅತ್ತಿಗೆ ಸೌಟು ಹಿಡಿದ ಕೈ ಹಾಗೇ ನಿಲ್ಲಿಸಿ ಕಾಯುತ್ತಿದ್ದಳು. ಅವನು ನಾಲ್ಕನೇ ಕಣದ ಮುಂದೆ ನಿಂತಷ್ಟೇ ಹೊತ್ತು ಯೋಚನೆ ಮಾಡಿದ.

"ಬೇಡ," ಅಂದ.

ಹಳದಿಗೆ ಚಿಟಿಕೆ ಉಪ್ಪು ಹಾಕಿ, ಇಡಿಯಾಗಿ ಬಾಯಿಗಿಟ್ಟು, ಕಣ್ಣು ಮುಚ್ಚಿಕೊಂಡು ನಿಧಾನವಾಗಿ ತಿಂದ. ಅವಳು ಕೈ ಹಿಂದಕ್ಕೆ ತೆಗೆದುಕೊಂಡು, ಅಣ್ಣ ತಿನ್ನುವುದನ್ನೇ ನೋಡುತ್ತಾ ಕೂತಳು. ತಿಂದು ಮುಗಿಸಿ ಅವನು ಅತ್ತಿಗೆಯ ಕಡೆ ತಿರುಗಿದ.

"ಇನ್ನೊಂದು ಮೊಟ್ಟೆ ಇದೆಯೇನೇ?"